ಹಳೇ ಬಾಕಿ "ಸೆಟಲ್" ಮಾಡೋಕ್ ಹೊರಟಿರೋರು ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಹಳೇ ಕ್ರೆಡಿಟ್ ಕಾರ್ಡ್ ಬಾಕಿಗೋ ಪರ್ಸನಲ್ ಲೋನ್ ಬಾಕಿಗೋ ರಿಕವರಿ ಏಜೆಂಟ್ ಫೋನ್ ಮಾಡಿ "ಸರ್ ಅರ್ಧಕ್ಕಿಂತ ಕಮ್ಮಿ ಕಟ್ಟಿ, ಇವತ್ತೇ ಮುಗಿಸ್ಬಿಡೋಣ, ನಿಮ್ ಸಿಬಿಲ್ಲೂ ಸರಿ ಹೋಗುತ್ತೆ" ಅಂದ್ರೆ ದಯವಿಟ್ಟು ಆಗಿಂದಾಗ್ಲೇ ದುಡ್ಡು ಹಾಕ್ಬೇಡಿ. ಕಮ್ಮಿಗೆ ಮುಗಿಸ್ತಾರೆ ಅನ್ನೋದು ನಿಜ, ಸಿಬಿಲ್ (ನಾವು ಸಾಲ ಹೇಗೆ ತೀರಿಸಿದೀವಿ ಅನ್ನೋ ದಾಖಲೆ, ಸ್ಕೋರ್) ಸರಿ ಹೋಗುತ್ತೆ ಅನ್ನೋದು ಶುದ್ಧ ಸುಳ್ಳು. ಇದರಿಂದ ನಮ್ಮ ಹೋಮ್ ಲೋನೇ ನಿಂತೋಯ್ತು, ಅದಕ್ಕೇ ಬರೀತಿದೀನಿ.

ನಂಗೆ ಕೆಲಸ ಹೋಗಿದ್ದ ಟೈಮಲ್ಲಿ ಕಾರ್ಡ್ ಬಾಕಿ ಉಳ್ಕೊಂಡಿತ್ತು. ಖರ್ಚು ಮಾಡಿದ್ದು 55,000 ಹತ್ರ ಹತ್ರ, ಬಡ್ಡಿ, ಲೇಟ್ ಫೀ, ಅದರ ಮೇಲೆ ಜಿಎಸ್‌ಟಿ ಎಲ್ಲಾ ಸೇರಿ 92,000 ಆಗಿತ್ತು. ಏಜೆನ್ಸಿಯೋನು 38,000ಕ್ಕೆ ಮುಗಿಸ್ತೀನಿ ಅಂದ. ಮುಂದೆ ಲೋನ್ ತಗೊಳ್ಳೋಕೆ ತೊಂದ್ರೆ ಆಗಲ್ವಾ ಅಂತ ನಾನು ಬಿಡಿಸಿ ಬಿಡಿಸಿ ಕೇಳ್ದೆ, ಇಲ್ಲ ಸರ್ ಅಕೌಂಟ್ ಕ್ಲೋಸ್ ಆಗುತ್ತೆ, ಲೆಟರ್ ಬರುತ್ತೆ, ಆಮೇಲೆ ನೀವು ಫ್ರೀ ಅಂದ. ಕಟ್ಟಿದೆ, ಲೆಟರ್ ಬಂತು, ಫೋನ್ ಕಾಲೂ ನಿಂತ್ವು.

ಆಮೇಲೆ ಹೊಸ ಕೆಲಸ ಸಿಕ್ಕಿ, ಹೆಂಡ್ತಿ ಜೊತೆ ಜಾಯಿಂಟ್ ಆಗಿ ಹೋಮ್ ಲೋನಿಗೆ ಹಾಕ್ದಾಗ ಬೇರೆ ಬ್ಯಾಂಕಿನ ಮ್ಯಾನೇಜರ್ ನನ್ನ ಸಿಬಿಲ್ ರಿಪೋರ್ಟನ್ನ ಕಂಪ್ಯೂಟರಲ್ಲಿ ತೆಗೆದು ಸ್ಕ್ರೀನ್ ನಮ್ಮ ಕಡೆ ತಿರುಗಿಸಿದ್ರು. ಬೇರೆ ಎಲ್ಲಾ ಅಕೌಂಟಲ್ಲೂ ತಿಂಗಳು ತಿಂಗಳಿನ ಚೌಕದಲ್ಲಿ 000, 000 ಅಂತಿದೆ, ಅಂದ್ರೆ ಒಂದು ದಿನಾನೂ ತಡ ಆಗಿಲ್ಲ ಅಂತ. ಈ ಕಾರ್ಡ್ ಹತ್ರ ಬಂದ್ರೆ 030, 060, 090 ಅಂತ (ಎಷ್ಟು ದಿನ ತಡ ಅನ್ನೋ ಲೆಕ್ಕ) ಏರ್ತಾ ಹೋಗಿ, ಸ್ಟೇಟಸ್ ಜಾಗದಲ್ಲಿ "ಸೆಟಲ್ಡ್", ಅದರ ಕೆಳಗೆ ಸೆಟಲ್‌ಮೆಂಟ್ ಮೊತ್ತ 38,000. "ಸಂಬಳ ಸಾಕು, ಆಸ್ತಿ ಪೇಪರ್ ಸರಿಯಿದೆ, ಆದ್ರೆ ಇದಿದ್ರೆ ನಮ್ಮ ಪಾಲಿಸಿಯಲ್ಲಿ ಫೈಲ್ ಮುಂದಕ್ಕೇ ಹೋಗಲ್ಲ ಸರ್" ಅಂದ್ರು. ಹೆಂಡ್ತಿ ಸ್ಕೋರ್ ಚೆನ್ನಾಗೇ ಇತ್ತು, ಏನೂ ಉಪಯೋಗ ಆಗ್ಲಿಲ್ಲ.

ವಿಷಯ ಇಷ್ಟೇ. ಪೂರ್ತಿ ಕಟ್ಟಿ ಮುಗಿಸಿದ್ರೆ ಅಕೌಂಟ್ "ಕ್ಲೋಸ್ಡ್" ಅಂತ ಹೋಗುತ್ತೆ. ಕಮ್ಮಿಗೆ ಒಪ್ಪಂದ ಆದ್ರೆ "ಸೆಟಲ್ಡ್", ಅದನ್ನ ನೋಡೋ ಪ್ರತಿ ಬ್ಯಾಂಕೂ ಓದ್ಕೊಳ್ಳೋದು, ಈ ಮನುಷ್ಯ ಒಂದ್ಸಲ ಸಾಲ ಪೂರ್ತಿ ತೀರಿಸಿಲ್ಲ, ಉಳಿದಿದ್ದು ಬ್ಯಾಂಕಿಗೆ ನಷ್ಟ ಅಂತ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಸೇರಿ ಸಾಲದ ದಾಖಲೆ ಇಡೋ ನಾಲ್ಕು ಕಂಪನಿಗೂ ಈ ಮಾಹಿತಿ ಹೋಗುತ್ತೆ, ಅವರು ಅದನ್ನ ಕನಿಷ್ಠ 7 ವರ್ಷ ಇಟ್ಕೋಬೇಕು ಅಂತ ನಿಯಮಾನೇ ಇದೆ. ಅದೂ ಸಾಲ್ದು ಅಂತ, 2023ರ ಜೂನಲ್ಲಿ ಆರ್‌ಬಿಐ ತಂದ ಸೆಟಲ್‌ಮೆಂಟ್ ನಿಯಮದ ಪ್ರಕಾರ ಸೆಟಲ್ ಮಾಡ್ಕೊಂಡ ಬ್ಯಾಂಕು ಕನಿಷ್ಠ 12 ತಿಂಗಳು ಅದೇ ವ್ಯಕ್ತಿಗೆ ಹೊಸ ಸಾಲ ಕೊಡೋ ಹಾಗಿಲ್ಲ (ಕೃಷಿ ಸಾಲಕ್ಕೆ ಲೆಕ್ಕ ಬೇರೆ). ಇದ್ಯಾವ್ದನ್ನೂ ಏಜೆಂಟ್ ಹೇಳಲ್ಲ. ಅವನಿಗೆ ವಸೂಲಿ ಆದ್ರೆ ಸಾಕು, ನಾಳೆ ನಿಮ್ಮ ಲೋನ್ ಫೈಲ್ ಏನಾಗುತ್ತೆ ಅನ್ನೋದು ಅವನಿಗೆ ಸಂಬಂಧ ಇಲ್ಲ.

"ರೈಟ್ ಆಫ್ ಆಗಿದೆ" ಅಂದ್ರೂ ಸಾಲ ಮನ್ನಾ ಆಯ್ತು ಅಂತಲ್ಲ, ಅದು ಬ್ಯಾಂಕಿನ ಪುಸ್ತಕದ ಲೆಕ್ಕ ಅಷ್ಟೇ, ವಸೂಲಿ ಮಾಡೋ ಹಕ್ಕು ಅವರಿಗೆ ಇದ್ದೇ ಇರುತ್ತೆ.

ಸೆಟಲ್‌ಮೆಂಟ್ ಯಾರೂ ಮಾಡ್ಲೇಬಾರ್ದು ಅಂತ ನಾನು ಹೇಳಲ್ಲ. ನಿಜವಾಗ್ಲೂ ಕಟ್ಟೋ ಶಕ್ತಿ ಇಲ್ಲ, ಮನೇಲಿ ಕಾಯಿಲೆ, ಕೋರ್ಟ್ ನೋಟಿಸ್ ಬರ್ತಿದೆ ಅಂದ್ರೆ ಹಾಗೇ ಬಿಡೋದಕ್ಕಿಂತ ಅದು ಎಷ್ಟೋ ವಾಸಿ. ಆದ್ರೆ ಸ್ವಲ್ಪ ತಿಂಗಳು ತಡೆದ್ರೆ ಅಸಲು ಪೂರ್ತಿ ಕಟ್ಟಬಲ್ಲೆ ಅನ್ನೋರು ಏಜೆಂಟನ್ನ ಬಿಟ್ಟು ನೇರವಾಗಿ ಬ್ಯಾಂಕಿಗೇ ಮೇಲ್ ಹಾಕಿ, ಅಸಲು ಪೂರ್ತಿ ಕೊಡ್ತೀನಿ, ಬಡ್ಡಿ ಮತ್ತೆ ಪೆನಾಲ್ಟಿ ಬಿಡಿ, ಕ್ಲೋಸ್ಡ್ ಅಂತ ರಿಪೋರ್ಟ್ ಮಾಡ್ತೀರಾ ಅಂತ ಕೇಳಿ. ಒಪ್ಪಿದ್ರೆ ಸ್ಟೇಟಸ್ ಏನು ಅಂತ ಹೋಗುತ್ತೆ ಅನ್ನೋದು ಬ್ಯಾಂಕಿನ ಲೆಟರಲ್ಲೇ ಇರ್ಬೇಕು, ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ನನ್ನ ಲೆಟರಲ್ಲಿ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಅಂತ ದೊಡ್ಡದಾಗಿ ಇತ್ತು, ಸಿಬಿಲ್ ಬಗ್ಗೆ ಒಂದಕ್ಷರ ಇರ್ಲಿಲ್ಲ. ದುಡ್ಡು ಕಾರ್ಡ್ ಅಥವಾ ಲೋನ್ ಅಕೌಂಟಿಗೇ ಹೋಗ್ಬೇಕು, ಏಜೆಂಟ್ ಕೊಡೋ ಯುಪಿಐ ನಂಬರಿಗಲ್ಲ.

ಈಗಾಗ್ಲೇ ಸೆಟಲ್ ಆಗೋಗಿರೋರಿಗೆ ದಾರಿ ಇದೆ. ನಾನು ಬ್ಯಾಂಕಿಗೆ ಬರೆದು ಬಾಕಿ ಎಷ್ಟು ತೋರಿಸ್ತಿದೀರಾ ಅಂತ ಕೇಳಿ, ಅದನ್ನ ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್ ತಗೊಂಡೆ. ಆದ್ರೂ ರಿಪೋರ್ಟಲ್ಲಿ ಬದಲಾಗ್ಲಿಲ್ಲ, ಸರ್ಟಿಫಿಕೇಟ್ ಹಾಕಿ ಸಿಬಿಲ್ ಸೈಟಲ್ಲೇ ಡಿಸ್ಪ್ಯೂಟ್ ಎತ್ತಿದ ಮೇಲೇ ಕ್ಲೋಸ್ಡ್ ಅಂತ ಆಗಿದ್ದು. ಇಂಥ ದೂರು 30 ದಿನದಲ್ಲಿ ಬಗೆಹರಿಸದೇ ಇದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ ಆರ್‌ಬಿಐ ನಿಯಮ ಇದೆ, ಅದಕ್ಕೂ ಜಗ್ಗದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸೋ ಅಧಿಕಾರಿ) ಬರೀಬಹುದು, ಫೀಸ್ ಏನಿಲ್ಲ. ತಡವಾಗಿದ್ದ ತಿಂಗಳುಗಳ 030, 060 ಮಾತ್ರ ಹಾಗೇ ಇವೆ, ಪೇಮೆಂಟ್ ಹಿಸ್ಟರಿ 36 ತಿಂಗಳವರೆಗೆ ಕಾಣುತ್ತಲ್ಲ, ಅವು ಹಿಂದಕ್ಕೆ ಸರಿಯೋ ತನಕ ಕಾಯ್ಬೇಕು.

"15,000 ಕೊಡಿ, ಸೆಟಲ್ಡ್ ಅಳಿಸಿಕೊಡ್ತೀವಿ" ಅಂತ ವಾಟ್ಸಾಪಲ್ಲಿ ಬರೋರನ್ನ ದಯವಿಟ್ಟು ನಂಬ್ಬೇಡಿ. ಸಾಲ ಕೊಟ್ಟ ಬ್ಯಾಂಕು ಒಪ್ಪದೇ ಆ ಸ್ಟೇಟಸ್ ಯಾರಿಂದ್ಲೂ ಬದಲಾಗಲ್ಲ. ಬೇರೆಯವರ ಸಾಲಕ್ಕೆ ಜಾಮೀನು ಹಾಕಿರೋರೂ ಒಂದ್ಸಲ ನಿಮ್ಮ ರಿಪೋರ್ಟ್ ತೆಗೆದು ನೋಡಿ, ಅವರು ಸೆಟಲ್ ಮಾಡ್ಕೊಂಡಿದ್ರೆ ಅದು ನಿಮ್ಮ ಹೆಸರಲ್ಲೂ ಕಾಣ್ಬಹುದು. ನಾಲ್ಕೂ ಕಂಪನಿಯವರು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀಯಾಗೇ ಕೊಡ್ಬೇಕು.