ಗ್ನೂ ಸಿ ಲೈಬ್ರರಿಯ ಪಿಥ್ರೆಡ್: ಥ್ರೆಡ್ ಒಪ್ಪಿಸುವ ಫಲಿತಾಂಶದ ಬಗ್ಗೆ

ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಂ ಬರೆಯುವವರಿಗೆ ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಉಳಿದವುಗಳ ಜೊತೆಜೊತೆಗೇ ಓಡುವ ಕೆಲಸದ ಎಳೆ) ಬೇಕಾದಾಗ ಮೊದಲು ಕೈಗೆ ಸಿಗುವುದು ಗ್ನೂ ಸಿ ಲೈಬ್ರರಿಯ ಪಿಥ್ರೆಡ್. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ಇರುವ ಪೋಸಿಕ್ಸ್‌ನ 1995ರ ಮಾನದಂಡದಿಂದ ಬಂದ ಈ ಸೌಲಭ್ಯದ ಒಂದೇ ಭಾಗವನ್ನು ಇಲ್ಲಿ ಪರಿಶೀಲಿಸುತ್ತೇನೆ: ಕೆಲಸ ಮುಗಿಸಿದ ಥ್ರೆಡ್ ತನ್ನ ಫಲಿತಾಂಶವನ್ನು ಕಾದು ನಿಂತ ಥ್ರೆಡ್‌ಗೆ ಒಪ್ಪಿಸುವ ಕ್ರಮ.

ಥ್ರೆಡ್‌ನ ಫಂಕ್ಷನ್ ಹಿಂದಿರುಗಿಸುವ ವಾಯ್ಡ್ ಪಾಯಿಂಟರನ್ನು (ಯಾವ ಬಗೆಯ ದತ್ತಾಂಶದ್ದಾದರೂ ಆಗಬಹುದಾದ ವಿಳಾಸವನ್ನು), ಆ ಥ್ರೆಡ್ ಮುಗಿಯುವವರೆಗೆ ಕಾಯುವ ಪಿಥ್ರೆಡ್_ಜಾಯಿನ್ ಫಂಕ್ಷನ್ ನಾವು ತೋರಿಸಿದ ಜಾಗದಲ್ಲಿ ಇಡುತ್ತದೆ. ದಾಟಿ ಬರುವುದು ವಿಳಾಸ ಮಾತ್ರ. ಆ ವಿಳಾಸದಲ್ಲಿರುವ ದತ್ತಾಂಶವನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು. ಲೋಕಲ್ ವೇರಿಯಬಲ್‌ನ ವಿಳಾಸವನ್ನು, ಥ್ರೆಡ್ ಮುಗಿಸುವ ಪಿಥ್ರೆಡ್_ಎಕ್ಸಿಟ್ ಮೂಲಕ ಕಳಿಸಿದಾಗ ನನ್ನ ಕಂಪೈಲರ್ ಏನೂ ಹೇಳಲಿಲ್ಲ. ಮುಗಿದ ಥ್ರೆಡ್‌ನ ಸ್ಟ್ಯಾಕನ್ನು, ಅಂದರೆ ಅದರ ಲೋಕಲ್ ವೇರಿಯಬಲ್ ಇದ್ದ ಮೆಮೊರಿಯನ್ನು, ಲೈಬ್ರರಿ ಮುಂದಿನ ಥ್ರೆಡ್‌ಗೆಂದು ತೆಗೆದಿಡುವುದೂ ಉಂಟು, ಹಾಗಾಗಿ ಇಂಥ ಪ್ರೋಗ್ರಾಂ ಕುಸಿದು ಬೀಳದೆ ಒಮ್ಮೆ ಸರಿಯಾದ ಫಲಿತಾಂಶವನ್ನೂ ಇನ್ನೊಮ್ಮೆ ಕಸವನ್ನೂ ತೋರಿಸಬಹುದು. ಈ ತಪ್ಪನ್ನು ಹುಡುಕುವುದರಲ್ಲಿ ನನ್ನ ಒಂದು ಇಡೀ ಸಂಜೆ ಕಳೆದಿದೆ.

ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಸಣ್ಣ ಪೂರ್ಣಾಂಕವನ್ನೇ ಪಾಯಿಂಟರ್ ಎಂದು ಕಾಸ್ಟ್ ಮಾಡಿ (ಬಗೆ ಬದಲಿಸಿ) ಕಳಿಸಿ, ಈಚೆ ಕಡೆ ಜಾಯಿನ್‌ಗೆ ಇಂಟ್ (ಪೂರ್ಣಾಂಕ) ವೇರಿಯಬಲ್‌ನ ವಿಳಾಸವನ್ನು ಕೊಟ್ಟರೆ, 64 ಬಿಟ್ ಯಂತ್ರದಲ್ಲಿ 4 ಬೈಟ್‌ನ ಜಾಗಕ್ಕೆ 8 ಬೈಟ್ ಬರೆಯಲ್ಪಟ್ಟು ಪಕ್ಕದ ದತ್ತಾಂಶ ಅಳಿಸಿಹೋಗುತ್ತದೆ.

ನನಗೆ ಮೆಚ್ಚುಗೆಯಾದ ದಾರಿ ಬೇರೆ. ಪ್ರತಿಯೊಂದು ಥ್ರೆಡ್‌ಗೂ ಒಂದು ಸ್ಟ್ರಕ್ಚರ್ ಕೊಟ್ಟು, ಅದರಲ್ಲೇ ಇನ್‌ಪುಟ್‌ಗೂ ಫಲಿತಾಂಶಕ್ಕೂ ಜಾಗವಿಟ್ಟು, ಅವುಗಳ ಅರೇಯನ್ನು ಮುಖ್ಯ ಥ್ರೆಡ್ ಬಳಿಯೇ ಇರಿಸಿಕೊಂಡರೆ ಮ್ಯಾಲಕ್‌ನಿಂದ ಮೆಮೊರಿ ಕೇಳುವುದು ಬೇಡ, ಫ್ರೀ ಮಾಡಿ ಅದನ್ನು ಹಿಂದಿರುಗಿಸಲು ಮರೆಯುವ ಭಯವೂ ಇಲ್ಲ. ಜಾಯಿನ್ ಯಶಸ್ವಿಯಾದ ಮೇಲೆ ಆ ಥ್ರೆಡ್ ಬರೆದದ್ದೆಲ್ಲವೂ ಕಾದವರಿಗೆ ಕಾಣುತ್ತದೆಂಬ ಭರವಸೆಯನ್ನು ಮಾನದಂಡವೇ ಕೊಡುವುದರಿಂದ, ಒಂದೇ ದತ್ತಾಂಶವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಲಾಕ್ ಇಲ್ಲದೆಯೇ ಓದಬಹುದು. ಈ ಸೌಲಭ್ಯದಲ್ಲಿ ನಾನು ಅತ್ಯಂತ ಗೌರವಿಸುವ ಗುಣ ಇದೇ.

ಗ್ನೂ ಲೈಬ್ರರಿಯ 2018ರ 2.28ನೇ ಆವೃತ್ತಿಯಲ್ಲಿ ಸೇರಿದ, ಸಿ ಭಾಷೆಯ 2011ರ ಮಾನದಂಡದ ಸಿ11 ಥ್ರೆಡ್‌ಗಳು ನೇರವಾಗಿ ಇಂಟ್ ಹಿಂದಿರುಗಿಸುತ್ತವೆ. ಸೋಲು ಗೆಲುವು ತಿಳಿಸಲು ಅಷ್ಟು ಸಾಕು, ದೊಡ್ಡ ಫಲಿತಾಂಶಕ್ಕೆ ಮತ್ತೆ ಸ್ಟ್ರಕ್ಚರೇ ಬೇಕು. 2021ರ 2.34ನೇ ಆವೃತ್ತಿಯಿಂದ ಪಿಥ್ರೆಡ್‌ಗೆಂದು ಪ್ರತ್ಯೇಕ ಲೈಬ್ರರಿಯನ್ನು ಲಿಂಕ್ ಮಾಡಬೇಕಿಲ್ಲ ಎಂಬುದು ಕಲಿಯುವವರಿಗೆ ಒಳ್ಳೆಯ ಅನುಕೂಲ.

ಕೊರತೆಯೆಂದರೆ, ಪಿಥ್ರೆಡ್_ಜಾಯಿನ್‌ಗೆ ಸಮಯದ ಮಿತಿ ಹಾಕಲಾಗದು. ಗ್ನೂ ಲೈಬ್ರರಿ ಅದಕ್ಕಾಗಿ ಪಿಥ್ರೆಡ್_ಟೈಮ್ಡ್‌ಜಾಯಿನ್_ಎನ್‌ಪಿ ಎಂಬ ಫಂಕ್ಷನ್ ಕೊಟ್ಟಿದೆ. ಆದರೆ ಅದು ಪೋಸಿಕ್ಸ್‌ನಲ್ಲಿ ಇಲ್ಲ, ಆದ್ದರಿಂದ ಬೇರೆ ವ್ಯವಸ್ಥೆಗಳಲ್ಲೂ ಓಡಬೇಕಾದ ಪ್ರೋಗ್ರಾಂನಲ್ಲಿ ನಾನು, ಒಂದು ಸಂಗತಿ ಆಗುವವರೆಗೆ ಮಿತಿ ಹಾಕಿ ಕಾಯಲು ಬಿಡುವ ಕಂಡೀಷನ್ ವೇರಿಯಬಲ್‌ ಅನ್ನೇ ಬಳಸುತ್ತೇನೆ.