ನ್ಯಾನೊಟ್ಯೂಬೋ, ಗ್ರಾಫೀನೋ, ಹಳೆಯ ಬಿಳಿ ಪುಡಿಯೋ?

ಪ್ಲಾಸ್ಟಿಕ್‌ನ ಉರಿ ತಗ್ಗಿಸಲು ಹಳೆಯ ದಾರಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಬಿಳಿ ಪುಡಿ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀರಾವಿ ಬಿಟ್ಟು ತಂಪು ಮಾಡುತ್ತದೆ. ಆದರೆ ಹಲವು ಕಡೆ ತೂಕದ ಅರ್ಧಕ್ಕೂ ಮಿಕ್ಕಿ ಸುರಿಯಬೇಕು, ಪ್ಲಾಸ್ಟಿಕ್ ಪೆಡಸಾಗುತ್ತದೆ.

ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆ, ಶೇ 1ರಷ್ಟಿದ್ದರೂ ಕೆಲಸ ಕಾಣುತ್ತದೆ. ಉರಿಯುವಾಗ ಕೊಳವೆಗಳು ಬಲೆಯಂತೆ ಹೆಣೆದುಕೊಂಡು ಮೇಲೆ ಕಪ್ಪು ಹೊದಿಕೆಯಾಗುತ್ತವೆ, ಕರಗಿದ ಹನಿ ತೊಟ್ಟಿಕ್ಕುವುದು ಕಡಿಮೆಯಾಗುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನಲ್ಲಿ ಶಾಖ ಹೊಮ್ಮುವ ಗರಿಷ್ಠ ವೇಗ ಅರ್ಧಕ್ಕಿಳಿಯಬಹುದು. ಸರಿಯಾಗಿ ಚದುರದೆ ಗಂಟು ಕಟ್ಟಿದರೆ ಹೊದಿಕೆ ಬಿರುಕು ಬಿಡುತ್ತದೆ, ಹಾಕಿದ್ದೆಲ್ಲ ದಂಡ.

ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಗ್ರಾಫೀನ್ ಹಾಳೆಗಳು ಅನಿಲಕ್ಕೆ ಅಡ್ಡಗೋಡೆ. ಒಂದಕ್ಕೊಂದು ಅಂಟಿಕೊಳ್ಳುವ ಚಾಳಿಯೇ ತಲೆನೋವು.

ನೆನಪಿರಲಿ, ನ್ಯಾನೊಟ್ಯೂಬ್, ಗ್ರಾಫೀನ್ ಎರಡೂ ಹೊತ್ತಿಕೊಳ್ಳುವುದನ್ನು ತಡೆಯುವುದಿಲ್ಲ, ಹೊತ್ತಿದ ಮೇಲಿನ ಅಬ್ಬರವನ್ನಷ್ಟೇ ತಗ್ಗಿಸುತ್ತವೆ. ವಿದ್ಯುತ್ತನ್ನೂ ಹರಿಸುತ್ತವೆ. ಹಾಗಾಗಿ ತಂತಿಯ ಹೊದಿಕೆಗೆ ನನ್ನ ಮತ ಬಿಳಿ ಪುಡಿಗೆ. ಕಪ್ಪಾದರೂ ನಡೆಯುವ, ಹಗುರವಾಗಿರಬೇಕಾದ ಬಿಡಿಭಾಗಕ್ಕೆ ನ್ಯಾನೊಟ್ಯೂಬ್, ಜೊತೆಗೆ ಉರಿ ತಗ್ಗಿಸುವ ರಂಜಕದ (ಫಾಸ್ಫರಸ್) ಸಂಯುಕ್ತ.