ಡೆಬಿಯನ್ 13ರ ಕರ್ನಲ್: ಅಂಗಡಿ ಕೆಲಸಕ್ಕೆ ಧೈರ್ಯವಾಗಿ ಹಾಕಿ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಡಿಟಿಪಿ ಅಂಗಡಿ. ಸೀಸನ್‌ನಲ್ಲಿ ಕನ್ನಡ, ಮರಾಠಿ ಲಗ್ನಪತ್ರಿಕೆ ಕೆಲಸ ಜಾಸ್ತಿ, ಮಷೀನ್ ನಿಂತರೆ ಗಿರಾಕಿ ಕಾಯುವುದಿಲ್ಲ. ಅದಕ್ಕೇ ಡೆಬಿಯನ್ 13 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದ ಕೂಡಲೇ ಅದರ 6.12 ಕರ್ನಲ್ (ಹಾರ್ಡ್‌ವೇರನ್ನು ನಡೆಸುವ, ಸಿಸ್ಟಂನ ತಿರುಳು) ಪರೀಕ್ಷೆ ಮಾಡಿದೆ. ವೈಫೈ, ಪ್ರಿಂಟರ್ ಎಲ್ಲ ಸರಿ. ಹಳೇ ಸಿಸ್ಟಂನಲ್ಲಿ ಲ್ಯಾಪ್‌ಟಾಪ್ ಮುಚ್ಚಿ ತೆಗೆದರೆ ಪರದೆ ಕಪ್ಪಾಗೇ ಇರುತ್ತಿತ್ತು, ಈಗ ತಕ್ಷಣ ಎಚ್ಚರವಾಗುತ್ತದೆ, ಬಿಟ್ಟ ಪತ್ರಿಕೆ ಬಿಟ್ಟಲ್ಲೇ ತೆರೆದಿರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಕರ್ನಲ್ ತಯಾರಾಗುವ ರೀತಿ. ಪ್ರತಿ ಆವೃತ್ತಿಗೂ ಮೊದಲ ಎರಡು ವಾರ ಹೊಸ ಕೋಡ್ ಸೇರಿಸುತ್ತಾರೆ. ಆಮೇಲೆ ರಿಪೇರಿ ಮಾತ್ರ. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಸಾಮಾನ್ಯವಾಗಿ ಭಾನುವಾರಕ್ಕೊಂದು ಆರ್‌ಸಿ, ಅಂದರೆ ಪರೀಕ್ಷೆಯ ಆವೃತ್ತಿ ಪ್ರಕಟಿಸುತ್ತಾರೆ, ಜನ ತಮ್ಮ ತಮ್ಮ ಮಷೀನಿಗೆ ಹಾಕಿ ತಪ್ಪು ಹುಡುಕುತ್ತಾರೆ, ಹೀಗೆ ಏಳೋ ಎಂಟೋ ಆರ್‌ಸಿ ದಾಟಿದ ಮೇಲೆ ಪಕ್ಕಾ ಬಿಡುಗಡೆ. 6.12 ಬಂದದ್ದು 2024ರ ನವೆಂಬರ್ 17ಕ್ಕೆ. ಮೇಲಾಗಿ ಅದು ದೀರ್ಘಾವಧಿ ಬೆಂಬಲದ, ಅಂದರೆ ವರ್ಷಗಟ್ಟಲೆ ರಿಪೇರಿ ಸಿಗುವ ಆವೃತ್ತಿ.

ಅಂಗಡಿ ಮಷೀನಿಗೆ ಆರ್‌ಸಿ ಮಾತ್ರ ಬೇಡ. ಪರೀಕ್ಷಿಸುವ ಆಸೆಯಿದ್ದರೆ ಬೇರೆ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ. ಹಳೇ ಕರ್ನಲ್ ಅಳಿಸಬೇಡಿ, ಹೊಸದು ಕೈಕೊಟ್ಟರೆ ಮಷೀನ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ಹಿಂದಿನದನ್ನೇ ಬೂಟ್ ಮಾಡಬಹುದು, ಅಲ್ವಾ? ತೊಂದರೆ ಕಂಡರೆ ಸುಮ್ನೆ ಬಿಡದೆ ಕರ್ನಲ್ ಲಾಗ್ (ಕರ್ನಲ್ ಬರೆದಿಡುವ ಸಂದೇಶಗಳು) ಸಮೇತ ಡೆಬಿಯನ್‌ನವರಿಗೆ ವರದಿ ಕಳಿಸಿ.